ನಮ್ಮೂರ ಇಲಿ ಮತ್ತು ಟರ್ಬೊ ಸೆನ್ಸರ್

ನನ್ನ ಸೋದರಮಾವನ ಪ್ರಕಾರ ಡೀಸೆಲ್ ಎಂಜಿನ್ನಿಗೂ ದೃಷ್ಟಿಯಾಗುತ್ತದೆ! ನಂಬಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಆ ಕಣ್ಣು ನನ್ನದೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದರೆ ಕೋಪ ಬರುವುದಿಲ್ಲವೆ?

ಗೌನಿಪಲ್ಲಿಯ ನಮ್ಮ ತೋಟದಿಂದ ಶ್ರೀನಿವಾಸಪುರದ ಮಂಡಿಗೆ ಮಾವಿನಕಾಯಿ ಸಾಗಿಸುವ ಕೆಲಸವನ್ನು ಈ ವರ್ಷ ಹಟ ಹಿಡಿದು ನಾನು ತೆಗೆದುಕೊಂಡೆ. ಮಾವ ಓಡಿಸಿದರೆ ಪಿಕಪ್ ಹಾರುತ್ತಿತ್ತು. ನಾನು ಕೂತರೆ ಎಂಜಿನ್ ಕೆಟ್ಟಿದೆ ಎನ್ನುವ ಹಳದಿ ದೀಪ ಹೊತ್ತಿಸಿಕೊಂಡು ಏರಿನಲ್ಲಿ ತೆವಳುತ್ತಿತ್ತು. ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕುತ್ತಿದ್ದವು! ನಾನು ಮಂಡಿ ಮುಟ್ಟುವ ಹೊತ್ತಿಗೆ ಹರಾಜು ಮುಗಿದಿರುತ್ತಿತ್ತು.

“ಇನ್ನೊಂದ್ಸಲ ಹರಾಜು ತಪ್ಪಿದ್ರೆ ಬಾಡಿಗೆ ಡ್ರೈವರ್‌ನ ಇಡ್ತೀನಿ,” ಎಂದರು ಅಪ್ಪ.

ಮಾವ ಬಾನೆಟ್ಟಿಗೆ ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರು. ನಾನು ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತಿದ್ದರೂ, “ನೋಡಮ್ಮಾ, ಘಾಟೇ ಇಲ್ಲ! ಎಷ್ಟು ದೃಷ್ಟಿ ಆಗೈತೆ!” ಎಂದರು.

ಹಲ್ಲು ಕಚ್ಚಿಕೊಂಡು ಗಾಡಿಯನ್ನೂ ಮಾವನನ್ನೂ ಮೆಕ್ಯಾನಿಕ್ ಭಾಯಿಯ ಬಳಿಗೆ ಕರೆದೊಯ್ದೆ. ಅವನು ಬಿಡಿಸಿ ಹೇಳಿದ: ಟರ್ಬೊ ಎಂಜಿನ್ನಿಗೆ ಗಾಳಿ ತಳ್ಳುತ್ತದೆ. ಎಷ್ಟು ಒತ್ತಡವಿದೆ ಎಂದು ಹೆಬ್ಬೆರಳಿನಷ್ಟು ಸೆನ್ಸರ್ ಒಂದು ಗಾಡಿಯ ಕಂಪ್ಯೂಟರಿಗೆ ವರದಿ ಮಾಡುತ್ತದೆ. ವರದಿ ಬರದಿದ್ದರೆ ಕಂಪ್ಯೂಟರ್ ಹೆದರಿ ಎಳೆತ ತಗ್ಗಿಸುತ್ತದೆ.

“ಸೆನ್ಸರ್ ಚೆನ್ನಾಗೈತೆ ಅಕ್ಕ. ಅದರ ವೈರಿನ ಕನೆಕ್ಟರ್ ಬಿಚ್ಚೋಗೈತೆ,” ಎಂದ ಭಾಯಿ, ಅದನ್ನು ಮತ್ತೆ ಸಿಕ್ಕಿಸುತ್ತ.

“ಇಲಿ!” ಎಂದರು ಮಾವ, ಯಾರೂ ಕೇಳುವ ಮೊದಲೇ.

“ಇಲಿಗೆ ಕ್ಲಿಪ್ ಒತ್ತಿ ಬಿಚ್ಚಕ್ಕೆ ಬರುತ್ತಾ ಮಾವ?”

“ನಮ್ಮೂರ ಇಲಿ ಕಣಮ್ಮಾ. ಎಲ್ಲಾ ಬರ್ತದೆ.”

ನಾನು ಓಡಿಸುವ ದಿನ ಮಾತ್ರ ಹಸಿಯುವ ಇಲಿ ಯಾವುದದು? ಮರುದಿನ ಕಾಯಿ ತುಂಬಿದ ಮೇಲೆ ಗಾಡಿಯ ಹಿಂದೆ ನಿಂತು ಕಾದೆ. ಬಾನೆಟ್ ಮೇಲೆದ್ದಿತು. ಅದರೊಳಗಿಂದ ಪರಿಚಿತವಾದ ಪಟ್ಟೆ ಲುಂಗಿಯೊಂದು ಹೊರಗೆ ಕಾಣುತ್ತಿತ್ತು.

“ಇಲಿ ಸಿಕ್ತು!” ಎಂದೆ.

ಮಾವ ಬೆಚ್ಚಿ ಬಾನೆಟ್ಟಿಗೆ ತಲೆ ಬಡಿಸಿಕೊಂಡರು. ನನಗೆ ಒಂದಿಷ್ಟೂ ಅಯ್ಯೋ ಅನಿಸಲಿಲ್ಲ.

“ನೀನು ಜೋರಾಗಿ ಓಡಿಸ್ತೀಯಮ್ಮ,” ಎಂದರು ತಲೆ ಉಜ್ಜಿಕೊಳ್ಳುತ್ತ. “ಇದನ್ನ ಬಿಚ್ಚಿದ್ರೆ ಮೆಲ್ಲಗೆ ಹೋಗ್ತದೆ. ಮೆಲ್ಲಗೆ ಹೋದ್ರೆ ಸೇಫು.”

ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಆಗ ಕೂಗಿಯೇ ಹೇಳಿದೆ. “ಸೇಫಾ? ಮೊನ್ನೆ ಏರಲ್ಲಿ ಲಾರಿ ದಾಟಕ್ಕೆ ಹೋದೆ. ಗಾಡಿ ಎಳೀಲೇ ಇಲ್ಲ ಮಾವ. ಲಾರಿ ಪಕ್ಕದಲ್ಲೇ ಉಳ್ಕೊಂಡೆ, ಎದುರಿಗೆ ಬಸ್ಸು! ಆ ಡ್ರೈವರು ಬಸ್ಸನ್ನ ಮಣ್ಣಿಗೆ ಇಳಿಸಿದ್ದಕ್ಕೆ ನಾನು ಇವತ್ತು ಇಲ್ಲಿ ನಿಂತಿದೀನಿ.”

ಮಾವ ಕನೆಕ್ಟರನ್ನು ತಲೆಕೆಳಗಾಗಿ ಹಿಡಿದು ಮತ್ತೆ ಕೂರಿಸಲು ಹೋದರು. ಆ ಕೈಯ ಮೇಲೆ ಕೈಯಿಟ್ಟು ತಿರುಗಿಸಿ ನಾನೇ ಒತ್ತಿದೆ. ಟಕ್ ಎಂದು ಕೂತಿತು.

ಬೇರೆಯವರು ಓಡಿಸುವ ಗಾಡಿ ಹತ್ತುವುದಕ್ಕಿಂತ ನಡೆದು ಹೋಗುವುದೇ ಮೇಲು ಎನ್ನುವ ಮಾವ, ಅಂದು ತಾವಾಗಿಯೇ ನನ್ನ ಪಕ್ಕದಲ್ಲಿ ಬಂದು ಕೂತರು. ಅದೇ ಏರಿನಲ್ಲಿ ಮತ್ತೊಂದು ಲಾರಿ ಅಡ್ಡ ಸಿಕ್ಕಿತು. ಮುಂದೆ ರಸ್ತೆ ಖಾಲಿಯಿತ್ತು. ಮಾವ ಕಣ್ಣು ಮುಚ್ಚಿಕೊಂಡರು. ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಜೀವ ಹೋಗುವಂತೆ ತುಳಿಯುತ್ತಿತ್ತು. ಬಾಯಿ ಮಾತ್ರ ಹೇಳುತ್ತಿತ್ತು: “ಒತ್ತಮ್ಮಾ, ಇನ್ನೂ ಒತ್ತು! ಹರಾಜು ಸಿಗಬೇಕು.”