ಸಣ್ಣ ದನಿಯನ್ನೂ ಪಟ್ಟಿಗೆ ಸೇರಿಸುವ ಬಗ್ಗೆ

ಇಂದ:
ಕಾಲರ್ ಹೊಲಿಯುವವಳು,
ನಾಲ್ಕನೇ ಸಾಲು, ಕಿಟಕಿ ಪಕ್ಕದ ಮೆಷಿನ್,
ಸಿದ್ಧ ಉಡುಪು ಕಾರ್ಖಾನೆ.

ಗೆ:
ಅಧ್ಯಕ್ಷರು,
ತಾರತಮ್ಯ ವಿಚಾರಣಾ ಸಮಿತಿ,
ಮೇಲಿನ ಮಹಡಿ.

ವಿಷಯ: ಹಾಜರಿದ್ದೂ ಒಂಬತ್ತು ದಿನ ಗೈರುಹಾಜರಾದ ಬಗ್ಗೆ.

ಉಲ್ಲೇಖ: ಕುಡಿಯುವ ನೀರಿನ ನಲ್ಲಿಯ ಮೇಲೆ ತಾವು ಅಂಟಿಸಿದ ನೋಟೀಸು.

ಮಾನ್ಯರೇ,

ನೀರಿಗೆ ಸಾಲಿನಲ್ಲಿ ನಿಂತಾಗಲೆಲ್ಲ ಸದರಿ ನೋಟೀಸನ್ನು ಓದಿದ್ದೇನೆ. ಧರ್ಮ, ಜನಾಂಗ, ಲಿಂಗ, ಮೈಬಣ್ಣ, ಅಂಗವೈಕಲ್ಯ, ವಯಸ್ಸು, ಇವುಗಳ ಕಾರಣಕ್ಕೆ ಯಾರ ವಿರುದ್ಧವೂ ತಾರತಮ್ಯ ಮಾಡುವುದು ಕಾನೂನಿಗೆ ವಿರುದ್ಧ ಎಂದಿದೆ. ದನಿಯ ಮಾತೇ ಇಲ್ಲ. ಕಾರಣ ಈ ಅರ್ಜಿ.

1. ನಮ್ಮ ಸೂಪರ್‌ವೈಸರ್ ಹಾಜರಿ ಕೂಗುವುದು ಮೆಷಿನ್‌ಗಳು ಶುರುವಾದ ಮೇಲೆ. ನಾನು "ಇದ್ದೀನಿ ಸರ್" ಎನ್ನುತ್ತೇನೆ. ಅದು ನನ್ನ ಮೆಷಿನ್ನಿನ ಸೂಜಿಯನ್ನೂ ದಾಟುವುದಿಲ್ಲ.

2. ಗೈರುಹಾಜರಾದ ಐದನೇ ದಿನ ಅವರೇ ನನ್ನತ್ತ ಬೆರಳು ತೋರಿಸಿ, "ಏಯ್ ಕಿಟಕಿ ಹತ್ರದೋಳೇ, ಆಕಳಿಸ್ಬೇಡ!" ಎಂದು ಗದರಿದರು. ಬಾರದವಳು ಆಕಳಿಸುವುದು ಹೇಗೆಂದು ಸಮಿತಿಯು ತಿಳಿಸಬೇಕು.

3. ಪಕ್ಕದಲ್ಲಿ ಬಟನ್ ಹಾಕುವ ಅಕ್ಕ ನನ್ನ ಪರವಾಗಿ "ಇದ್ದಾಳೆ ಸರ್!" ಎಂದು ಕೂಗಿದರು. "ಅವಳಿಗೇನು ಬಾಯಿಲ್ವಾ? ನೀನ್ಯಾಕೆ ಕೂಗ್ತೀಯಾ?" ಎಂದರು ಸೂಪರ್‌ವೈಸರ್. ಮಾರನೇ ದಿನ ಅಕ್ಕ ಮನೆಯಲ್ಲಿದ್ದರು. ಅವರ ಹೆಸರು ಕೂಗಿದಾಗ ಅವರ ಗೆಳತಿ ಗಂಟಲು ಹರಿಯುವಂತೆ "ಇದ್ದೀನಿ!" ಎಂದದ್ದರಿಂದ ಅಕ್ಕ ಹಾಜರು, ನಾನು ಗೈರು. (ಇದು ಅಕ್ಕನ ಮೇಲಿನ ದೂರಲ್ಲ. ಅವರು ಒಳ್ಳೆಯವರು. ಆದ್ದರಿಂದ ಈ ಕಂಸದ ಹಿಂದಿನ ವಾಕ್ಯವನ್ನು ಓದದೆ ಬಿಡಬೇಕಾಗಿ ಕೋರಿಕೆ.)

4. "ಬಾಯಿದ್ದೋಳು ಬರಗಾಲದಲ್ಲೂ ಬದುಕ್ತಾಳೆ ಕಣೇ, ಕೂಗೋದು ಕಲಿ" ಎಂದು ಚಿಕ್ಕಮ್ಮ ಮೂರು ಸಂಜೆ ತಾರಸಿಯ ಮೇಲೆ ಅಭ್ಯಾಸ ಮಾಡಿಸಿದರು. ಮೂರನೇ ಸಂಜೆ ಎದುರು ಮನೆಯವರು ಏಣಿ ತಂದರು. ಬೆಕ್ಕಿನ ಮರಿ ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡಿದ್ದರಂತೆ.

5. ಶಾಲೆಯಲ್ಲೂ ಹೀಗೇ ಹಾಜರಿ ಕಡಿಮೆಯಾಗಿ, ಏಳನೇ ತರಗತಿಯಲ್ಲಿ ಹೆಸರು ಹೊಡೆದುಹಾಕಿದರು. ಆಗ ನನಗೆ ಅರ್ಜಿ ಬರೆಯಲು ಬರುತ್ತಿರಲಿಲ್ಲ.

ಹತ್ತು ಗೈರಾದರೆ ಇಲ್ಲಿಯೂ ಹೆಸರು ಹೊಡೆಯುತ್ತಾರೆ. ಒಂಬತ್ತಾಗಿದೆ. ಕಾಲರ್ ಕೆಲಸ ನನಗೆ ಇಷ್ಟ. ಅದಕ್ಕೆ ಮಾತು ಬೇಕಿಲ್ಲ, ಮೂಲೆ ಚೂಪಾಗಿ ಬಂದರೆ ಸಾಕು. ಆದ್ದರಿಂದ ನೋಟೀಸಿನಲ್ಲಿ "ವಯಸ್ಸು" ಆದಮೇಲೆ "ದನಿ" ಎಂದು ಸೇರಿಸಬೇಕು. ಅಲ್ಲಿ ಎರಡು ಬೆರಳಿನಷ್ಟು ಜಾಗವಿದೆ, ಟೇಪು ಹಿಡಿದು ನೋಡಿದ್ದೇನೆ. ಅಲ್ಲಿಯವರೆಗೆ ಕೈ ಎತ್ತಿದರೂ ಹಾಜರಿ ಎಂದು ಆದೇಶವಾಗಬೇಕು.

ಇಂದೂ ಬಂದಿರುವ,
ತಮ್ಮ ವಿಶ್ವಾಸಿ
(ಹೆಸರು, ಸಹಿ)

ಅಡಕಗಳು:
1. ಗೈರುಹಾಜರಾದ ದಿನ ನಾನು ಹೊಲಿದ ಕಾಲರ್, ಒಂದು. (ನೋಡಿ ಬೇಗ ವಾಪಸ್ ಕಳಿಸಬೇಕು, ಅಂಗಿ ಕಾಯುತ್ತಿದೆ.)
2. ನನಗೆ ದನಿಯಿದೆ ಎಂದು ಅಜ್ಜಿ ಹೆಬ್ಬೆಟ್ಟು ಒತ್ತಿದ ಪತ್ರ. (ಅಜ್ಜಿಗೆ ಎಡಗಿವಿ ಕೇಳದು. ನನ್ನ ಮಾತು ಬಿದ್ದದ್ದು ಬಲಗಿವಿಗೆ.)

ವಿ.ಸೂ.: ಸೋಮವಾರ ಅರ್ಜಿದಾರರ ಹೆಸರು ಕೂಗುತ್ತೀರೆಂದೂ, ಉತ್ತರ ಕೊಡದವರ ಅರ್ಜಿ ವಜಾ ಎಂದೂ ನೋಟೀಸಿನ ಕೊನೆಯಲ್ಲಿದೆ. ನನ್ನ ಹೆಸರು ಕೂಗಿದ ಮೇಲೆ ದಯವಿಟ್ಟು ಒಮ್ಮೆ ತಲೆಯೆತ್ತಿ ನೋಡಬೇಕಾಗಿ ವಿನಂತಿ.