ಮಾವನ ಮನೆಯ ಆಟೋಮ್ಯಾಟಿಕ್ ದೀಪಗಳು

ಶಹಾಪುರದಲ್ಲಿ ಒಂದು ದೀಪ ಆರಿಸಲು ಇಬ್ಬರು ಬೇಕಾಗುವ ಮನೆ ಒಂದೇ ಇದೆ. ಅದು ನನ್ನ ಸೋದರಮಾವನ ಮನೆ. ಒಬ್ಬರು ಕುಳಿತಲ್ಲಿಂದಲೇ ಫೋನಿನ ಮೇಲೆ ಬೆರಳಿಟ್ಟು ದೀಪ ಆರಿಸಬೇಕು. ಇನ್ನೊಬ್ಬರು ಎದ್ದು ಹೋಗಿ ಅದು ನಿಜವಾಗಿಯೂ ಆರಿದೆಯೋ ಇಲ್ಲವೋ ನೋಡಿ ಬರಬೇಕು. ಇನ್ನೊಬ್ಬರು ಸಿಗದ ದಿನ ಎರಡೂ ಕೆಲಸ ಮಾವನೇ ಮಾಡುತ್ತಾನೆ. ವಿಜ್ಞಾನ ಮನುಷ್ಯನ ಶ್ರಮವನ್ನು ಕಡಿಮೆ ಮಾಡುತ್ತದೆ ಎಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದು, ಸಂಜೆ ಮನೆಯಲ್ಲಿ ಇದನ್ನು ನೋಡುವುದು ನನ್ನ ಹಣೆಬರಹ. ಮಾವನ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ನನ್ನ ವಾಸ, ಅತ್ತೆಯ ಕೈಯಲ್ಲಿ ಊಟ. ಹಾಗಾಗಿ ಹೇಳಿಕೊಳ್ಳುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ.

"ಮಾವಾ, ಫೋನಿನಾಗ ಆರೇದ ಅಂತ ತೋರ್ಸಾಕತ್ತದಲ್ರಿ. ಮತ್ಯಾಕ ಎದ್ದು ಹೋಗ್ತೀರಿ?" ಎಂದು ಒಮ್ಮೆ ಎದುರಿಗೇ ನಿಂತು ಕೇಳಿದೆ.

"ಫೋನು ಹೇಳತದವ್ವ. ನಾ ನೋಡಿಲ್ಲಲ್ಲ?" ಎಂದ.

ಇದು ನಾರಾಯಣಪುರದ ಅಣೆಕಟ್ಟಿನಿಂದ ಬಂದ ಚಾಳಿ. ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದುಕೊಂಡು ಕೆನಾಲಿನ ಗೇಟು ಎತ್ತುವ, ಇಳಿಸುವ ಕೆಲಸದಲ್ಲೇ ಮಾವನ ನೌಕರಿಯೆಲ್ಲ ಮುಗಿಯಿತು. ಗೇಟು ಮುಚ್ಚಿದೆ ಎಂದು ಪ್ಯಾನೆಲ್ಲಿನ ಹಸಿರು ದೀಪ ಹೇಳಿದರೆ ಸಾಲದು, ಮೆಟ್ಟಿಲಿಳಿದು ಹೋಗಿ ಗೇಟಿನ ಆಚೆ ಬದಿಯ ನೀರನ್ನು ಕಣ್ಣಾರೆ ನೋಡಿದ ಮೇಲೆಯೇ 'ಮುಚ್ಚಿದೆ' ಎಂದು ಬರೆಯಬೇಕು ಎಂಬುದು ಅವನ ಕಟ್ಟುನಿಟ್ಟು. ನೀರಿನ ಅಬ್ಬರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದ ಜಾಗ ಅದು. ಮೇಲಿದ್ದವನು ಕೆಳಗಿದ್ದವನಿಗೆ ಟವೆಲ್ ಬೀಸಿ ಸನ್ನೆ ಮಾಡುತ್ತಿದ್ದನಂತೆ. ಹಾಗೆ ಮೂರು ಜಿಲ್ಲೆಯ ಹೊಲಕ್ಕೆ ನೀರು ಬಿಟ್ಟ ಮನುಷ್ಯ, ಈಗ ಬಚ್ಚಲ ಮನೆಯ ದೀಪಕ್ಕೂ ಅದೇ ಕಾಯಿದೆ ಹಚ್ಚಿದ್ದಾನೆ!

ಹಾಗಾದರೆ ನಂಬಿಕೆಯೇ ಇಲ್ಲದ ಮೇಲೆ ಈ ಸ್ವಿಚ್ಚುಗಳನ್ನು ಯಾಕೆ ಹಾಕಿಸಿದ? ಅದಕ್ಕೊಂದು ಕಾರಣವಿದೆ, ಅದು ನಗುವಂಥದ್ದಲ್ಲ.

ನಮ್ಮ ಅತ್ತೆಗೆ ದಮ್ಮು. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಉಸಿರು ಹಿಡಿದುಕೊಂಡು ಗೋಡೆಗೊರಗಿ ಕುಸಿದಿದ್ದಳು. ಮಾವ ಕಟ್ಟೆಯ ಮೇಲೆ ಕುಳಿತಿದ್ದ. ನಡುವೆ ಪಡಸಾಲೆ ಒಂದೇ. ಮೂರು ಸಲ ಕರೆದಳಂತೆ, ಅವನು ಬರಲಿಲ್ಲ. ಪುಣ್ಯಕ್ಕೆ ಅಂದು ಶಾಲೆಗೆ ಅರ್ಧ ದಿನ. ನಾನು ನೀರು ಕುಡಿಯಲೆಂದು ಒಳಗೆ ಹೋದವಳು ನೋಡಿದೆ, ಬಾಯಿಗೆ ದಮ್ಮಿನ ಔಷಧದ ಪಂಪು ಹಿಡಿದೆ, ಉಳಿದುಕೊಂಡಳು. "ರೇಡಿಯೋ ಹಚ್ಚಿದ್ದೆ" ಎಂದ ಮಾವ. ಅಷ್ಟೇ ಅಂದ, ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ ಯಾದಗಿರಿಗೆ ಹೋದವನು ಎರಡು ದೊಡ್ಡ ಡಬ್ಬಿಗಳೊಂದಿಗೆ ಇಳಿದ.

ಡಬ್ಬಿಯಲ್ಲಿ ಗಾಜಿನ ಸ್ವಿಚ್ ಪ್ಯಾನೆಲ್ಲುಗಳಿದ್ದವು. ಒಂದರ ದುಡ್ಡಿಗೆ ನಮ್ಮ ಓಣಿಯ ಅರ್ಧ ಮನೆಗಳಿಗೆ ಹಳೇ ಕಾಲದ ಕಟಕ್ ಅನ್ನುವ ಸ್ವಿಚ್ಚು ಹಾಕಿಸಬಹುದಿತ್ತು. ಅವುಗಳ ಜೊತೆ ಬೆಂಕಿಪೆಟ್ಟಿಗೆಯಷ್ಟಿರುವ ಒಂದು ಗುಂಡಿ. ಅದನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿ, "ಉಸಿರು ಹಿಡೀತಂದ್ರ ಇದನ್ನ ಒತ್ತು. ಕಟ್ಟಿ ಮ್ಯಾಲಿನ ಕೆಂಪು ದೀಪ ಹತ್ತತದ, ನಾ ಬರ್ತೀನಿ" ಎಂದು ಅತ್ತೆಗೆ ಹೇಳಿದ.

"ಯಾಕ್ರಿ, ನನಗ ಬಾಯಿಲ್ಲೇನು?" ಎಂದಳು ಅತ್ತೆ.

ಈ ಪ್ರಶ್ನೆ ಕೇಳಿ ನಾನು ಮುಖ ಆಚೆ ತಿರುಗಿಸಿ ನಕ್ಕೆ. ಏಕೆಂದರೆ ಅತ್ತೆಗೆ ಬಾಯಿಲ್ಲ ಎಂದು ಶಹಾಪುರದಲ್ಲಿ ಯಾರೂ ಹೇಳಲಾರರು. ಅವಳು ಮಾವನನ್ನು ಬೈಯಲು ಸುರು ಮಾಡಿದರೆ ನಮ್ಮ ಓಣಿಯಲ್ಲಿ ಕುಕ್ಕರಿನ ಸೀಟಿ ಕೇಳಿಸುವುದಿಲ್ಲ. "ಚಾ ಆರಾಕತ್ತದ, ಎಷ್ಟ್ ಸಲ ಹೇಳ್ಬೇಕು", "ಬಾಗಿಲ್ದಾಗ ಮಂದಿ ನಿಂತಾರ, ಕಲ್ಲು ಕುಂತಂಗ ಕುಂತೀರಲ್ಲ", ಹೀಗೆ ಹೊತ್ತಾರೆ ಎದ್ದರೆ ಸುರು. ಮಾವ ಒಂದು ಮಾತೂ ತಿರುಗಿ ಆಡುವುದಿಲ್ಲ, ಪೇಪರಿನಿಂದ ತಲೆಯನ್ನೂ ಎತ್ತುವುದಿಲ್ಲ. ಕೊನೆಗೆ ಅವಳೇ ಹೋಗಿ ಮುಂದೆ ನಿಲ್ಲಬೇಕು. ನನಗಂತೂ ಸಹೋದ್ಯೋಗಿಗಳನ್ನು ಮನೆಗೆ ಕರೆಯಲು ನಾಚಿಕೆಯಾಗುತ್ತಿತ್ತು. ಇಷ್ಟು ಗಟ್ಟಿ ಗಂಟಲಿನ ಹೆಂಗಸಿಗೆ ಕರೆಗಂಟೆ ಯಾಕೆ ಬೇಕು, ಹೇಳಿ?

ಆದರೆ ಮಾವ ಒಂದು ಗುಂಡಿಗೆ ನಿಲ್ಲಲಿಲ್ಲ. ಪಡಸಾಲೆ, ದೇವರ ಜಗುಲಿ, ಬಚ್ಚಲು, ಸಂಡಾಸು, ಕೊನೆಗೆ ನನ್ನ ಮಾಳಿಗೆಯ ಕೋಣೆ, ಎಲ್ಲ ಕಡೆ ಗಾಜಿನ ಪ್ಯಾನೆಲ್ಲು ಬಂದವು. ಯಾರು ಕೇಳಿದರೂ "ಆಟೋಮ್ಯಾಟಿಕ್" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಆಟೋಮ್ಯಾಟಿಕ್ ಎಂದರೆ ಏನೆಂದು ನಮಗೆ ವಾರದೊಳಗೇ ತಿಳಿಯಿತು. ಕರೆಂಟು ಹೋಗಿ ಬಂದ ಕೂಡಲೇ ಮನೆಯ ಎಲ್ಲ ದೀಪಗಳೂ ತಾವಾಗಿ ಹತ್ತಿಕೊಳ್ಳುತ್ತಿದ್ದವು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಎಷ್ಟು ಸಲ ಹೋಗಿ ಬರುತ್ತದೆ ಎಂಬುದನ್ನು ನಾನು ಹೇಳಬೇಕಿಲ್ಲ. ಸುಡುಸುಡು ಬಿಸಿಲಿನ ಮಟಮಟ ಮಧ್ಯಾಹ್ನ ಮನೆ ತುಂಬ ದೀಪ! ಎದುರು ಮನೆಯವರು ಬಂದು ಮೆಲ್ಲಗೆ, "ಏನ್ರಿ ಟೀಚರ್, ಮನ್ಯಾಗ ಏನರ ಕಾರ್ಯಾ ಅದೇನು, ನಮಗ ಹೇಳೇ ಇಲ್ಲ?" ಎಂದು ವಿಚಾರಿಸಿಕೊಂಡು ಹೋದರು.

ಇಂಟರ್ನೆಟ್ ಇಲ್ಲದ ದಿನ ಇದರ ಉಲ್ಟಾ. ಫೋನಿನಲ್ಲಿ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು, ದೀಪ ಹತ್ತುತ್ತಿರಲಿಲ್ಲ. ಗಾಜಿನ ಮೇಲೆ ಬೆರಳಿಟ್ಟರೆ ಹತ್ತಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಆದರೆ ಅತ್ತೆಯ ಬೆರಳಿಗೆ ಸದಾ ಹಿಟ್ಟು, ನನ್ನ ಬೆರಳಿಗೆ ಸುಣ್ಣದಕಡ್ಡಿಯ ಪುಡಿ. ಗಾಜಿಗೆ ನಮ್ಮಿಬ್ಬರ ಕೈಯೂ ಹಿಡಿಸಲಿಲ್ಲ. ನಾನು ಮೇಣಬತ್ತಿ ಹಚ್ಚಿಕೊಂಡು ಉತ್ತರಪತ್ರಿಕೆ ತಿದ್ದಿದೆ. ಪ್ರಶ್ನೆ ವಿದ್ಯುಚ್ಛಕ್ತಿಯ ಉಪಯೋಗಗಳ ಬಗ್ಗೆ ಇತ್ತು.

ಸುರಪುರದ ಬೀಗರ ಪ್ರಸಂಗವನ್ನಂತೂ ನಾನು ಸಾಯುವತನಕ ಮರೆಯುವುದಿಲ್ಲ. ಬೀಗರು ಎಂದರೆ ಮಾವನ ಮಗಳ ಮಾವ, ಇಸ್ತ್ರಿ ಮುರಿಯದ ಧೋತರದ ಗಂಭೀರ ಮನುಷ್ಯ. ನಮ್ಮ ಸಂಡಾಸಿನ ದೀಪ ಮನುಷ್ಯ ಅಲುಗಾಡಿದರೆ ಹತ್ತುತ್ತದೆ, ಅಲುಗಾಡದಿದ್ದರೆ ಆರುತ್ತದೆ. ಅಲ್ಲಿ ಕುಳಿತವರು ಅಲುಗಾಡುವುದೆಲ್ಲಿ? ಬೀಗರಿಗೆ ಕತ್ತಲಾಯಿತು. ಒಳಗಿಂದ, "ಬೀಗರ, ಲೈಟ್ ಹಚ್ರಿ" ಎಂದು ಮರ್ಯಾದೆಯಿಂದಲೇ ಕೂಗಿದರು. ಮಾವ ಬಾಗಿಲ ಹೊರಗೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ, ಕದಲಲಿಲ್ಲ. ಬೀಗರು ಮತ್ತೆ ಕೂಗಿದರು, ಈ ಸಲ ಮರ್ಯಾದೆ ಸ್ವಲ್ಪ ಕಡಿಮೆಯಿತ್ತು. ಅಡುಗೆಮನೆಯಿಂದ ಅತ್ತೆ ಓಡಿ ಬಂದು ಮಾವನ ಪೇಪರ್ ಕಸಿದುಕೊಂಡು, "ಬೀಗರು ಒಳಗ ಕತ್ತಲ್ದಾಗ ಕುಂತಾರ, ನಿಮ್ಮದೇನು ಓದು" ಎಂದು ಬೈದಾಗ ಅವನಿಗೆ ಎಚ್ಚರ. ಎದ್ದು ಬಾಗಿಲಿನ ಹತ್ತಿರ ಬಗ್ಗಿ, "ಕೈ ಮ್ಯಾಲೆತ್ತಿ ಬೀಸ್ರಿ ಬೀಗರ. ಎರಡೂ ಕೈ" ಎಂದ. ಹೊರಬಂದ ಬೀಗರು ಚಹಾ ಕುಡಿಯಲಿಲ್ಲ, ಮೊದಲ ಬಸ್ಸಿಗೇ ಹೋದರು.

ಅತ್ತೆಯ ತಾಳ್ಮೆ ಅಲ್ಲಿಗೆ ಮುಗಿಯಿತು. "ಒಂದ ವಾರದಾಗ ಎಲ್ಲಾ ಕಿತ್ತಿಸ್ತೀನಿ" ಎಂದು ಸಾರಿದಳು. ಅವಳ ದೂರು ನನಗೂ ಸರಿ ಅನ್ನಿಸಿತು. ಬಚ್ಚಲ ದೀಪವೇ ಹೇಳಿದ ಮಾತು ಕೇಳದ ಮೇಲೆ, ಜೀವದ ಮೇಲೆ ಬಂದ ಹೊತ್ತಿನಲ್ಲಿ ಆ ಕೆಂಪು ದೀಪ ಹತ್ತೇ ಹತ್ತುತ್ತದೆ ಎಂದು ಹೇಗೆ ನಂಬುವುದು? ಮಾವ ಮಾತ್ರ ಪ್ರತಿದಿನ ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಅತ್ತೆಯಿಂದ ಗುಂಡಿ ಒತ್ತಿಸುತ್ತಿದ್ದ. ದೀಪ ಹತ್ತಿದರೆ ಟವೆಲ್ ಎತ್ತಿ ಬೀಸುತ್ತಿದ್ದ. ಅತ್ತೆ ಮುಖ ಗಂಟು ಹಾಕಿಕೊಂಡೇ ಒತ್ತುತ್ತಿದ್ದಳು. ಎರಡು ದಿನ ದೀಪ ಹತ್ತಲಿಲ್ಲ. ಆ ಎರಡೂ ದಿನ ಮಾವ ಕಟ್ಟೆ ಬಿಟ್ಟು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಒಲೆಯ ಕಡೆಗೆ ಮುಖ ಮಾಡಿ ಕುಳಿತಿದ್ದ.

ಭಾನುವಾರ ವೈರಿಂಗ್ ಮಾಡುವ ಮೈಬೂಬಣ್ಣ ಬಂದ. ಮಾವ ಅವನ ಮುಖವನ್ನೂ ನೋಡದೆ ಕಟ್ಟೆಯ ಮೇಲೆ ಹೋಗಿ, ರಸ್ತೆಗೆ ಬೆನ್ನು ಹಾಕಿ ಕುಳಿತ. ಮೈಬೂಬಣ್ಣ ಪಡಸಾಲೆಯಲ್ಲಿ ಏಣಿ ಹಾಕಿಕೊಂಡು, "ಟೀಚರ್, ಮೇನ್ ಬಂದ್ ಮಾಡ್ತೀನ್ರಿ, ಆಮ್ಯಾಲ ಕಿತ್ತಾಕ ಚಾಲೂ ಮಾಡ್ತೀನಿ" ಎಂದು ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟ. "ತಡೀರಿ, ಫ್ರಿಜ್ಜಿನ್ಯಾಗ ಹಾಲು ಅದ, ತೆಗೆದಿಡ್ತೀನಿ" ಎಂದು ನಾನು ತಿರುಗಿದೆ. ಅಷ್ಟರಲ್ಲಿ ಮಾವ ನನ್ನ ಪಕ್ಕದಿಂದ ಬರಿಗಾಲಿನಲ್ಲಿ ಓಡಿದ. ಓಡಿದ ಎಂದರೆ ಓಡಿದ. ಏಣಿಗೆ ಭುಜ ಬಡಿಯಿತು, ನಿಲ್ಲಲಿಲ್ಲ.

ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ ಸೀದು ಹೋಗಿ, ಆ ಘಾಟಿಗೆ ಅತ್ತೆಯ ಉಸಿರು ಹಿಡಿದಿತ್ತು. ಸದ್ದು ಹೊರಡುತ್ತಿರಲಿಲ್ಲ. ಒಂದು ಕೈ ಎದೆಯ ಮೇಲೆ, ಒಂದು ಕೈ ಆ ಗುಂಡಿಯ ಮೇಲೆ. ಎಂಟು ಹೆಜ್ಜೆ ದೂರದಲ್ಲಿದ್ದ ನನಗೂ ಮೈಬೂಬಣ್ಣನಿಗೂ ಏನೂ ಗೊತ್ತಾಗಿರಲಿಲ್ಲ. ಮಾವ ಅಂಗಿಯ ಕಿಸೆಯಿಂದ ಪಂಪು ತೆಗೆದ. ಆ ಕಿಸೆಯಲ್ಲಿ ಒಂದು ಪಂಪು ಯಾವಾಗಲೂ ಇರುತ್ತದೆ ಎಂಬುದೂ ನನಗೆ ಅಂದೇ ತಿಳಿದದ್ದು. ಬಾಯಿಗೆ ಹಿಡಿದ, ಬೆನ್ನು ನೀವಿದ, ಅವಳ ಮುಖವನ್ನೇ ನೋಡುತ್ತ ಕುಳಿತ. ನಾನು ಒಲೆ ಆರಿಸಿ ಕಿಟಕಿ ತೆಗೆದೆ. ನಾಲ್ಕಾರು ನಿಮಿಷದಲ್ಲಿ ಅತ್ತೆಯ ಮುಖಕ್ಕೆ ಬಣ್ಣ ಬಂತು. ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಇನ್ನೊಂದು ಗಳಿಗೆ ಮೊದಲು ಮೇನ್ ಸ್ವಿಚ್ಚು ಇಳಿದಿದ್ದರೆ?

ಹಿಂದಿನಿಂದ ಮೈಬೂಬಣ್ಣ ಮೆಲ್ಲಗೆ, "ಸಾಹೇಬ್ರ, ತೆಗೀಲೇನ್ರಿ, ಬ್ಯಾಡೇನ್ರಿ?" ಎಂದ. ಮಾವ ತಿರುಗಲಿಲ್ಲ. ಮೈಬೂಬಣ್ಣ ಮತ್ತೊಮ್ಮೆ, ಗಟ್ಟಿಯಾಗಿಯೇ ಕೇಳಿದ. ಇಲ್ಲ. "ಮಾವಾ" ಎಂದು ನಾನು ಕರೆದೆ. ಅವನ ಬೆನ್ನು ನನ್ನಿಂದ ಒಂದು ಮೊಳ ದೂರದಲ್ಲಿತ್ತು. "ಮಾವಾ" ಎಂದು ಇನ್ನೂ ಜೋರಾಗಿ ಕರೆದೆ. ಅವನು ಅತ್ತೆಯ ಮುಖವನ್ನೇ ನೋಡುತ್ತಿದ್ದ.

ಆಗ ನನಗೆ ಹೊಳೆಯಿತು. ಅವನು ಫೋನನ್ನು ದಿನವಿಡೀ ಕೈಯಲ್ಲಿ ಹಿಡಿದಿದ್ದರೂ ಒಂದು ದಿನವೂ ಕಿವಿಗೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ವರ್ಷಗಟ್ಟಲೆ ಆ ನೀರಿನ ಅಬ್ಬರದ ಬಾಯಲ್ಲಿ ನಿಂತ ಕಿವಿಗಳವು. ವಿಜ್ಞಾನದ ಟೀಚರು ನಾನು, ಶಬ್ದದ ಪಾಠವನ್ನು ಪ್ರತಿವರ್ಷ ಮಾಡುವವಳು, ಒಂದೇ ಮನೆಯಲ್ಲಿದ್ದುಕೊಂಡು ಇಷ್ಟೂ ತಿಳಿಯದೆ ಅವನನ್ನು ನೋಡಿ ನಗುತ್ತಿದ್ದೆ. ಬಹಳ ನಾಚಿಕೆಯಾಯಿತು.

ಅತ್ತೆ ನನ್ನನ್ನೇ ನೋಡುತ್ತಿದ್ದಳು. ಮಾವ ಕೆಂಪು ದೀಪ ಆರಿಸಿ, ಆರಿದೆಯೋ ನೋಡಿ ಬರಲು ಕಟ್ಟೆಗೆ ಹೋದ ಮೇಲೆ, ಬಿಸಿನೀರಿನ ಲೋಟ ಕೆಳಗಿಟ್ಟು, "ತಿಳೀತೋ ಇಲ್ಲೋ?" ಎಂದಳು.

"ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ನಾಕು ವರ್ಷಾತು. ನನಗ ಗೊತ್ತದ ಅಂತ ಅವರಿಗೆ ಗೊತ್ತಿಲ್ಲ. ಕಿವಿ ಹೋಗ್ಯಾವ ಅಂತ ಮಂದಿಗೆ ತಿಳೀಬಾರ್ದಂತ ಅವರ ಹಟ. ಅದೊಂದು ದೀಪ ಯಾಕಂತ ಯಾರೂ ಕೇಳಬಾರ್ದಂತ ಇಡೀ ಮನಿಗೆ ಹಚ್ಚಿ ಕುಂತಾರ, ಹುಚ್ಚು ಮನುಷ್ಯ."

"ಮತ್ತ ಕಿತ್ತಸಾಕ ಯಾಕ ಹೊಂಟಿದ್ರಿ?"

"ಅದು ಒಂದಿನ ಹತ್ತಲಿಲ್ಲಂದ್ರ ನಂದೇನು, ನಾ ಹೋಗ್ತೀನಿ. ಆಮ್ಯಾಲ ಅವರು ಬದುಕಿರತಾರೇನು? ನಾ ಇಲ್ಲೇ ಕುಂತಿದ್ದೆ, ನೋಡಲಿಲ್ಲ ಅಂತ ಕೊರಗಿ ಸಾಯ್ತಾರ" ಎಂದಳು.

ನಾನು ಎದ್ದು ಮೈಬೂಬಣ್ಣನಿಗೆ ಹೇಳಿದೆ. ಆ ಒಂದು ಕೆಂಪು ದೀಪಕ್ಕೆ ಗಾಜೂ ಬೇಡ, ಇಂಟರ್ನೆಟ್ಟೂ ಬೇಡ. ಒಲೆಯ ಪಕ್ಕದಿಂದ ಕಟ್ಟೆಯ ತನಕ ನೆಟ್ಟಗೆ ಒಂದು ವೈರು, ಬಾಗಿಲ ಗಂಟೆಯ ಒಂದು ಸಾದಾ ಗುಂಡಿ, ಕರೆಂಟು ಹೋದರೂ ಉರಿಯುವಂತೆ ಒಂದು ಬ್ಯಾಟರಿ. ಖರ್ಚು ಎಷ್ಟು ಕಡಿಮೆ ಎಂದರೆ ಹೇಳಲು ಮೈಬೂಬಣ್ಣನಿಗೇ ಸಂಕೋಚವಾಯಿತು. ಮಾವ ಒಪ್ಪುತ್ತಾನೋ ಇಲ್ಲವೋ ಎಂದು ಅಳುಕುತ್ತಲೇ ಎದುರಿಗೆ ನಿಂತು ವಿವರಿಸಿದೆ. ನನ್ನ ತುಟಿಗಳನ್ನೇ ನೋಡುತ್ತ ಪೂರ್ತಿ ಕೇಳಿ, "ಬರಾಬರಿ ಅದ. ಮೋಟರ್ ಇದ್ದ ಗೇಟಿಗೂ ಕೈಚಕ್ರ ಇಟ್ಟಿರತಾರ" ಎಂದ. ಗಾಜಿನ ಪ್ಯಾನೆಲ್ಲುಗಳು ಇದ್ದಲ್ಲೇ ಉಳಿದವು. ಅತ್ತೆ ಅವನ್ನು ಇರಲಿ ಎಂದಳು, ಯಾಕೆಂದು ಮೈಬೂಬಣ್ಣನಿಗೆ ಹೇಳಲಿಲ್ಲ. ಸಂಜೆಯೊಳಗೆ ಹತ್ತು ಸಲ ಗುಂಡಿ ಒತ್ತಿ ನೋಡಿದೆವು, ಹತ್ತೂ ಸಲ ದೀಪ ಹತ್ತಿತು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ನನಗೆ ನೆಮ್ಮದಿಯಾಗಿ ಉಸಿರಾಡಿದಂತಾಯಿತು.

ಚಹಾ ಸೋಸುತ್ತಿದ್ದ ಅತ್ತೆಯ ಹತ್ತಿರ ಹೋಗಿ, ಮನಸ್ಸಿನಲ್ಲಿ ಉಳಿದಿದ್ದ ಒಂದನ್ನು ಕೇಳಿಯೇಬಿಟ್ಟೆ. "ಅಲ್ರಿ ಅತ್ತಿ, ಕೇಳಂಗಿಲ್ಲ ಅಂತ ಗೊತ್ತಿದ್ದೂ ಮುಂಜಾನಿಂದ ಸಂಜೀತನಕ ಯಾಕ ಬೈತೀರಿ?"

"ಹೆಂಡ್ತಿ ಛಂದಾಗಿ ಕರದಾಗ ಗಂಡ ಓ ಅನ್ನಲಿಲ್ಲಂದ್ರ ಮಂದಿ ಕಿವುಡ ಅಂತಾರ. ಬೈದಾಗ ಓ ಅನ್ನಲಿಲ್ಲಂದ್ರ ಯಾರೇನಂತಾರ?" ಎಂದಳು. ಲೋಟ ಕೈಗೆತ್ತಿಕೊಂಡು, ಪಡಸಾಲೆಯ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ, "ಚಾ ಆರಾಕತ್ತದ್ರಿ, ಎಷ್ಟ್ ಸಲ ಹೇಳ್ಬೇಕು ನಿಮಗ" ಎಂದು ಕೂಗಿದಳು.

ಕಟ್ಟೆಯ ಮೇಲೆ ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಸಾಮಾನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ ಮೈಬೂಬಣ್ಣ ಅವನನ್ನೂ ಅಡುಗೆಮನೆಯನ್ನೂ ಒಮ್ಮೆ ನೋಡಿ, ನನ್ನ ಕಡೆ ಬಗ್ಗಿ, "ಸಾಹೇಬ್ರು ಭಾಳ ಸಮಾಧಾನದ ಮನುಷ್ಯಾರ್ರಿ ಟೀಚರ್. ನಾವಾಗಿದ್ರ ಜಗಳಾ ತೆಗೀತಿದ್ವಿ" ಎಂದ.

"ಹೌದ್ರಿ ಮೈಬೂಬಣ್ಣ," ಎಂದೆ. "ಭಾಳ ಸಮಾಧಾನ."