ಸಾಹೇಬ್ರ ಅರ್ಧ ತಾಟು

ಕೈಯಲ್ಲಿ ಸೌಟು ಇರುವ ತನಕ ಅಡಿಗಿಯವನಿಗೆ ಏನಾದರೊಂದು ಫಜೀತಿ ತಪ್ಪಿದ್ದಲ್ಲ. ನಾನು ಅರವತ್ತು ವರ್ಷ ಸೌಟು ಹಿಡಿದವನು. ಎಷ್ಟು ಫಜೀತಿ ಆಗಿರಬೇಕು, ನೀವೇ ತಿಳಕೊಳ್ಳಿರಿ. ನಾನು ಸಾಲಿಯ ಮುಖ ನೋಡಿದವನಲ್ಲ. ನಾನು ಹೇಳುತ್ತೇನೆ, ಮೊಮ್ಮಗಳು ಬರಕೊಳ್ಳುತ್ತಾಳೆ. ನಡುನಡುವೆ "ಖರೇ ಏನಜ್ಜ?" ಅನ್ನುತ್ತಾಳೆ. ಅದನ್ನೂ ಬರಕೋ ಅಂದಿದ್ದೇನೆ.

ನನ್ನ ಕೈ ಎಂಥಾದ್ದು ಅಂದರೆ, ಗಂಗಾವತಿಯಲ್ಲಿ ಕೂತು ಗೋಧಿ ಹುಗ್ಗಿ ತಿರುವಿದರೆ ಹೇಮಗುಡ್ಡದ ಮಂಗಗಳು ಇಳಿದು ಬಂದು ಪಂಕ್ತಿ ಹಿಡಿದು ಕೂಡುತ್ತಿದ್ದವು. ಕನಕಗಿರಿಯ ಒಂದು ಮದುವೆಯಲ್ಲಿ ನನ್ನ ಅಡಿಗಿ ಉಂಡ ಬೀಗರು, "ಹೆಣ್ಣು ಇಲ್ಲೇ ಇರಲಿ, ಇವನನ್ನ ಕಳಸ್ರಿ" ಅಂತ ಹಟ ಹಿಡಿದಿದ್ದರು.

ಇಂಥಾ ಕೈಯನ್ನು ಸೋಲಿಸಿದವರು ಒಬ್ಬರೇ. ನಿಜಾಮ ಸರ್ಕಾರದ ಕಾಲ, ದೊಡ್ಡ ಲಡಾಯಿ ನಡೆದಿತ್ತು. ಕಾಲುವೆಗೆ ನೆಲ ಅಳೆಯಲಿಕ್ಕೆ ಒಬ್ಬ ಇಂಗ್ಲಿಷ್ ಎಂಜಿನಿಯರ್ ಸಾಹೇಬ್ರು ಬಂದಿದ್ದರು. ಕೊಪ್ಪಳದಲ್ಲಿ ಅವರ ಬಂಗಲೆ, ಕೆಲಸ ಇದ್ದ ಊರಲ್ಲಿ ಡೇರೆ. ನಾನು ಅವರ ಬಾಬರ್ಚಿ. ಆಳುಗಳು ತಮಗೆ "ರಿ" ಹಚ್ಚಿ ಮಾತಾಡುವುದನ್ನು ಕೇಳಿ ಕೇಳಿ ಕನ್ನಡ ಕಲಿತವರು ಅವರು. ಹಿಂಗಾಗಿ ನಾಯಿಗೂ "ಬರ್ರಿ", ದಾರಿಗೆ ಅಡ್ಡ ನಿಂತ ಕತ್ತೆಗೂ "ಸರೀರಿ".

ಆರು ವರ್ಷದಿಂದ ಅವರು ತಮ್ಮ ಊರು ಕಂಡಿರಲಿಲ್ಲ. ಸಮುದ್ರದಲ್ಲಿ ವೈರಿಗಳು ಜಹಾಜು ಮುಳುಗಿಸುತ್ತಿದ್ದರು, ಹೋಗುವುದು ಹೆಂಗ? ನಾನು ಏನು ಮಾಡಿ ಹಾಕಿದರೂ ಅರ್ಧ ಉಂಡು ತಾಟು ಸರಿಸುತ್ತಿದ್ದರು. "ಛಲೋ ಆಗೇತ್ರಿ" ಅಂದು ಬಾಗಿಲ ಆಚೆ ಎಲ್ಲೋ ನೋಡುತ್ತ ಕೂಡುತ್ತಿದ್ದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ನೋಟ ಸಹಿಸಲಿಕ್ಕೆ ಆಗುತ್ತಿರಲಿಲ್ಲ. ನನಗೆ ಇದ್ದದ್ದು ಒಂದೇ ಆಸೆ. ಒಂದು ಸಲ, ಬರೀ ಒಂದು ಸಲ, ಆ ತಾಟು ಖಾಲಿ ಆಗಬೇಕು.

ಗಂಗಾವತಿಯ ಅನ್ನ

ಸಾಹೇಬ್ರಿಗೆ ಒಬ್ಬ ಗುಮಾಸ್ತರಿದ್ದರು. ಇಂಗ್ಲಿಷ್ ಓದಿದವರು, ಭಾಳ ಮಡಿ, ಉಳ್ಳಾಗಡ್ಡಿಯನ್ನೂ ಮುಟ್ಟದವರು. ಸಾಹೇಬ್ರ ಊರಿನ ಅಡಿಗಿಯ ಹೆಸರು ನನಗೆ ಬಿಡಿಸಿ ಹೇಳುವ ಕೆಲಸ ಅವರದು. ಹಿಂಗಾದರೆ ಏನಾಗಬೇಕೋ ಅದೇ ಆಯಿತು.

ಗಂಗಾವತಿ ಹತ್ತಿರ ಡೇರೆ ಹಾಕಿದಾಗ ಒಂದು ಸಂಜೆ ಗುಮಾಸ್ತರು ಒಲೆಯ ಹತ್ತಿರ ಬಂದು, "ಸಾಹೇಬ್ರಿಗೆ ರೈಸ್ ಪುಡಿಂಗು ನೆನಪಾಗ್ಯದ. ನಾಳೆ ಮಾಡು" ಅಂದರು.

"ರೈಸ್ ಅಂದ್ರ?"

"ಅಕ್ಕಿ."

"ಪುಡಿಂಗು ಅಂದ್ರ?"

"ಬಾಬರ್ಚಿ ನೀನೋ, ನಾನೋ?"

ಅವರಿಗೆ ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕೆ, ನನಗೂ ನಾಚಿಕೆ. ಅಷ್ಟಕ್ಕೂ ಅದರಲ್ಲಿ ತಿಳಿಯದ್ದು ಏನಿದೆ? ಪುಡಿ ಇಂಗು. ಸಾಹೇಬ್ರು ಅವಸರಕ್ಕೆ ಕೂಡಿಸಿ ಅಂದಿದ್ದಾರೆ, ಅಷ್ಟೇ. ಗಂಗಾವತಿಯ ಸಣ್ಣಕ್ಕಿ ಅನ್ನ ಮಾಡಿ, ತುಪ್ಪ ಕಾಸಿ, ಇಂಗು ಕುಟ್ಟಿ ಪುಡಿ ಮಾಡಿ, ಸಾಹೇಬ್ರು ಆಸೆಪಟ್ಟು ಕೇಳಿದ್ದಾರೆ ಅಂತ ಒಂದು ಹಿಡಿ ಹಾಕಿದೆ.

ಸಾಹೇಬ್ರು ಒಂದು ಚಮಚ ಬಾಯಿಗೆ ಇಟ್ಟು ಎರಡೂ ಕಣ್ಣು ಮುಚ್ಚಿದರು. ಊರು ನೆನೆಸುತ್ತಿದ್ದಾರೆ ಅಂದುಕೊಂಡೆ. ಭಾಳ ಹೊತ್ತಿನ ಮೇಲೆ ನೀರು ಕೇಳಿದರು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಹಾಲು, ಅಕ್ಕಿ, ಸಕ್ಕರೆ. ಸಣ್ಣ ಉರಿಯಲ್ಲಿ ಅವರ ಅವ್ವ ಅರ್ಧ ದಿನ ಇಡುತ್ತಿದ್ದಳಂತೆ. ಹೊರಗೆ ಮಳೆ, ಒಳಗೆ ಕಿಟಕಿಯ ಗಾಜಿಗೆಲ್ಲ ಉಗಿ. ಮೇಲೆ ಕಂದು ಬಣ್ಣದ ಕೆನೆ ಗಟ್ಟಿಯಾಗಿ ನಿಲ್ಲುತ್ತಿತ್ತಂತೆ. ಅದಕ್ಕಾಗಿ ಅಣ್ಣ ತಮ್ಮ ಚಮಚ ಹಿಡಿದು ಬಡಿದಾಡುತ್ತಿದ್ದರಂತೆ. "ಅಣ್ಣನ ಚಮಚ ನನ್ನದಕ್ಕಿಂತ ದೊಡ್ಡದಿತ್ರಿ" ಅಂದರು, ಇವತ್ತು ಬೆಳಿಗ್ಗೆ ಆದ ಅನ್ಯಾಯದ ಹಂಗ.

"ಅದು ಪಾಯಸರೀ" ಅಂದೆ. ಮರುದಿನ ಮಾಡಿದೆ. ಅರ್ಧ ಉಂಡರು. ನಮ್ಮ ಪಾಯಸಕ್ಕೆ ಆ ಕಂದು ಕೆನೆ ಬಂದಿರಲಿಲ್ಲ. ಮೊದಲಿನ ದಿನದ ಅನ್ನ ಆಳುಗಳು ಉಂಡರು. ಆ ಇಂಗಿನ ಗಾಳಿ ಎಷ್ಟು ದೂರ ಹೋಯಿತೋ ಏನೋ, ಒಂದು ತಿಂಗಳು ಗಂಗಾವತಿಯಿಂದ ಹುಲಿಹೈದರದ ತನಕ ಯಾರಿಗೂ ಹೊಟ್ಟೆ ಉಬ್ಬರ ಬರಲಿಲ್ಲ.

ಕುಷ್ಟಗಿ ಕುರುಬರ ಕಾಲು

ಕುಷ್ಟಗಿ ಕಡೆ ಎಲ್ಲಿ ನೋಡಿದರೂ ಕುರಿ. ಅವನ್ನು ನೋಡಿಯೇ ಇರಬೇಕು, ಸಾಹೇಬ್ರಿಗೆ ಇನ್ನೊಂದು ನೆನಪಾಯಿತು. ಗುಮಾಸ್ತರು ಮೂಗಿಗೆ ಪಂಜೆ ಹಿಡಕೊಂಡೇ ಬಂದರು.

"ಶೆಫರ್ಡ್ಸ್ ಪೈ. ಶೆಫರ್ಡ್ ಅಂದ್ರ ಕುರುಬ, ಅದು ಪಕ್ಕಾ. ಪೈ ಮಾತ್ರ ನನ್ನ ಪುಸ್ತಕದಾಗಿಲ್ಲ."

"ಅದು ನನ್ನ ಗಡಿಗಿಯೊಳಗೈತಿ ಬಿಡ್ರಿ. ಪೈ ಅಲ್ಲ, ಪಾಯಾ. ಕುರಿ ಕಾಲಿನ ಸಾರು. ಸಾಹೇಬ್ರ ನಾಲಿಗಿ ದೀರ್ಘ ಎಳಿಯಂಗಿಲ್ಲ."

ಕುರಿ ಹಟ್ಟಿಗೆ ಹೋಗಿ, "ಹದಿನಾರು ಕಾಲು ಬೇಕು, ಕುರಿ ಬ್ಯಾಡ" ಅಂದೆ. ಕುರುಬ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. "ಕಾಲು ನೀ ಒಯ್ದ್ರ, ಅವು ಮೇಯಾಕ ಹೆಂಗ ಹೋಗಬೇಕೋ ಮಾರಾಯ? ಹೊತ್ತುಕೊಂಡು ಅಡ್ಡ್ಯಾಡಲೇನು?" ಅಂದ. ಸಾಹೇಬ್ರ ಹೆಸರು ಹೇಳಿದ ಮೇಲೆ, ಸಂತೆಗೆ ಕೊಯ್ಯುವ ದಿನ ಕೊಟ್ಟ.

ಆ ಪಾಯಾ ಹೆಂಗಾಗಿತ್ತು ಅಂದರೆ, ಎಲುಬಿನ ಒಳಗಿನದೆಲ್ಲ ನೀರಾಗಿತ್ತು, ನೀರು ಗೋಂದಾಗಿತ್ತು. ಒಂದು ಗುಟುಕು ಕುಡಿದ ಆಳಿನ ಮೀಸೆ ಎರಡು ದಿನ ಕೆಳತುಟಿಗೆ ಅಂಟಿಕೊಂಡೇ ಇತ್ತು. ಅವನು ಹೆಂಡತಿ ಜೊತೆ ಸನ್ನೆಯಲ್ಲೇ ಜಗಳಾಡಬೇಕಾಯಿತು.

ಸಾಹೇಬ್ರು ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಎರಡು ಕಾಲು ಚೀಪಿದರು. ಆಮೇಲೆ ಮೆಲ್ಲಗೆ, "ಇದರಾಗ ಬಟಾಟಿ ಎಲ್ಲೈತ್ರಿ?" ಅಂದರು. ಅವರೂರಲ್ಲಿ ಕೊಚ್ಚಿದ ಕುರಿ ಖೀಮಾ ಕೆಳಗೆ, ಕುದಿಸಿ ಹಿಸುಕಿದ ಬಟಾಟಿ ಮೇಲೆ, ಅದರ ಮೇಲೆ ಅವ್ವ ಫೋರ್ಕಿನಿಂದ ಹೊಲ ಉತ್ತ ಹಂಗ ಗೆರೆ ಎಳೆಯುತ್ತಿದ್ದಳಂತೆ. ಬೆಂದ ಮೇಲೆ ಆ ಗೆರೆಯ ತುದಿ ಕೆಂಪಗಾಗುತ್ತಿತ್ತಂತೆ. ಹೇಳುತ್ತ ಹೇಳುತ್ತ ಮೇಜಿನ ಅರಿವಿಯ ಮೇಲೆ ಫೋರ್ಕಿನಿಂದ ಗೆರೆ ಎಳೆದರು. ನಾನು ನೋಡದ ಊರು, ತಿನ್ನದ ತಿನಿಸು. ನನಗೂ ಹಸಿವಾಯಿತು.

ಆದರೆ ಸೋತೆ ಅನ್ನಲಿಕ್ಕೆ ಮನಸ್ಸಿಲ್ಲ. "ತಾಟಿನ್ಯಾಗ ಉಳದದ್ದು ಬರೀ ಎಲುಬು. ಖಾಲಿ ಅಂತನ ಹಿಡೀಬೇಕು" ಅಂತ ಗುಮಾಸ್ತರ ಮುಂದೆ ವಾದ ಹಾಕಿದೆ.

ಗುಮಾಸ್ತರು ದೂರದಿಂದಲೇ ಇಣುಕಿದರು. "ಹದಿನಾರರಾಗ ಹದಿನಾಲ್ಕು ಕಾಲು ಉಳದಾವ. ಇದಕ್ಕ ಖಾಲಿ ಅನ್ನಂಗಿಲ್ಲ, ಹಿಂಡು ಅಂತಾರ."

ಯಲಬುರ್ಗಾದ ಕಪ್ಪೆ

ಯಲಬುರ್ಗಾ, ಕೆಟ್ಟ ಬೇಸಿಗೆ. ಗುಮಾಸ್ತರು ಈ ಸಲ ಗೆದ್ದವರ ಹಂಗ ನಗುತ್ತ ಬಂದರು. "ಇವತ್ತು ಒಂದೊಂದು ಅಕ್ಷರದ ಅರ್ಥ ಹಚ್ಚೀನಿ. ಟೋಡ್ ಇನ್ ದ ಹೋಲ್. ಟೋಡ್ ಅಂದ್ರ ಕಪ್ಪಿ. ಹೋಲ್ ಅಂದ್ರ ಬಿಲ. ಬಿಲದಾಗಿನ ಕಪ್ಪಿ ಬೇಕಂತ."

"ಕಪ್ಪಿ ತಿಂತಾರೇನ್ರಿ?"

"ಆರು ವರ್ಷ ಊರು ಬಿಟ್ಟ ಮನುಷ್ಯಾ. ಏನು ನೆನಪಾಗ್ತದೋ ಯಾರಿಗೆ ಗೊತ್ತು?"

ಆ ಬೇಸಿಗೆಯಲ್ಲಿ ಯಲಬುರ್ಗಾದಲ್ಲಿ ಕಪ್ಪೆ ಸಿಗಬೇಕಾದರೆ ನೆಲ ಅಗೆಯಬೇಕು. ಅಗೆದೆ. ಮೊಣಕಾಲು ಆಯಿತು, ಸೊಂಟ ಆಯಿತು, ತಲೆ ಮುಳುಗಿತು, ಎರಡಾಳು ಆಳ ಆಯಿತು. ಕೆಳಗೆ ಒಂದು ತಂಪು ಕಲ್ಲಿನ ಅಡಿ ಒಬ್ಬ ಮುದಿ ಕಪ್ಪೆರಾಯ ಕೂತಿದ್ದ. ಕೊಲ್ಲಲಿಕ್ಕೆ ಕೈ ಬರಲಿಲ್ಲ. ದೊಡ್ಡ ರೊಟ್ಟಿ ಬಡಿದು, ನಡುವೆ ತೂತು ಕೊರೆದು, ಅದರಲ್ಲಿ ಅವನನ್ನು ಕೂಡಿಸಿ, ಮುಚ್ಚಳ ಹಾಕಿ ಒಯ್ದಿಟ್ಟೆ. ಮುಂದಿನದು ಸಾಹೇಬ್ರೇ ನೋಡಿಕೊಳ್ಳಲಿ.

ಮುಚ್ಚಳ ತೆಗೆದರು. ಕಪ್ಪೆ ಅವರನ್ನು ನೋಡಿತು, ಅವರು ಕಪ್ಪೆಯನ್ನು ನೋಡಿದರು. "ಹೋಗ್ರಿ" ಅಂದರು ಸಾಹೇಬ್ರು. ಅದು ಮೇಜಿನಿಂದ ಜಿಗಿದು ಗುಮಾಸ್ತರ ಮಡಿ ಪಂಜೆಯ ಮೇಲೆ ಇಳಿಯಿತು. ಗುಮಾಸ್ತರು ಎರಡು ಸಲ ಸ್ನಾನ ಮಾಡಿದರು, ನೀರಿಲ್ಲದ ಊರಲ್ಲಿ.

ಸಾಹೇಬ್ರು ಅವತ್ತು ಹೊಟ್ಟೆ ಹಿಡಕೊಂಡು ನಕ್ಕರು. ಬರೀ ಹೆಸರಂತೆ ಅದು. ಹಿಟ್ಟಿನಲ್ಲಿ ಹೂತ ಖೀಮಾದ ಉಂಡೆ, ಬೆಂದಾಗ ಕಪ್ಪೆಯ ಹಂಗ ತಲೆ ಎತ್ತಿ ನೋಡುತ್ತವಂತೆ. ನಗು ಮುಗಿದ ಮೇಲೆ, "ಅಪ್ಪ ಎಲ್ಲರಿಗೂ ಎರಡೆರಡು ಬಡಸ್ತಿದ್ರಿ, ನನಗ ಮೂರು" ಅಂದರು. ಅವತ್ತು ತಾಟು ಮುಟ್ಟಲೇ ಇಲ್ಲ.

ನಾನು ಅಗೆದ ಗುಂಡಿ ಮಾತ್ರ ಹಾಳಾಗಲಿಲ್ಲ. ಮರುದಿನ ಅಳೆಯಲಿಕ್ಕೆ ಬಂದ ಆಳುಗಳು ಅದನ್ನು 'ಪುರಾತನ ಬಾವಿ' ಅಂತ ನಕ್ಷೆಗೆ ಏರಿಸಿದರು. ಈಗಲೂ ನಕ್ಷೆಯಲ್ಲಿ ಐತಿ. ನೀರೊಂದೇ ಇಲ್ಲ.

ಕೊಪ್ಪಳಕ್ಕೆ ಬಂದ ಕಾಗದ

ಆ ಮಳೆಗಾಲ ಕೊಪ್ಪಳದ ಬಂಗಲೆಯಲ್ಲಿ ಸಾಹೇಬ್ರಿಗೆ ಚಳಿಜ್ವರ ಹಿಡಿಯಿತು. ಜ್ವರ ಬಿಟ್ಟರೂ ಊಟ ಹಿಡಿಯಲಿಲ್ಲ. ಅರ್ಧ ತಾಟು ಕಾಲು ತಾಟಾಯಿತು, ಆಮೇಲೆ ಎರಡು ತುತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಎಂಟು ದಿನದಾಗ ಊಟ ಹಿಡೀಲಿಲ್ಲ ಅಂದ್ರ ಸಿಕಂದರಾಬಾದಿನ ದವಾಖಾನಿಗೆ ರೈಲುಗಾಡಿ ಹತ್ತಸ್ತೀನಿ" ಅಂದರು. ಅಲ್ಲಿಗೆ ಹೋದವರನ್ನು ಸರ್ಕಾರ ತಿರುಗಿ ನಮ್ಮ ಕಡೆ ಕಳಿಸುತ್ತಿರಲಿಲ್ಲ, ಅಲ್ಲೇ ಬೇರೆ ಕೆಲಸ ಕೊಡುತ್ತಿತ್ತು. ನಮಗೆ ಬೇರೆ ಸಾಹೇಬ್ರು ಬರುತ್ತಿದ್ದರು, ಖರೆ. ಆದರೆ ನನಗೆ ಕಪ್ಪೆಗೆ "ಹೋಗ್ರಿ" ಅನ್ನುವ ಸಾಹೇಬ್ರೇ ಬೇಕಾಗಿತ್ತು.

ಆರನೇ ದಿನ ಅವರ ಅವ್ವನ ಕಾಗದ ಬಂತು. ಬಟ್ಟೆಯಲ್ಲಿ ಕಟ್ಟಿ ಕುದಿಸುವ ದ್ರಾಕ್ಷಿ ಪುಡಿಂಗು ಮಾಡುವುದು ಹೆಂಗ ಅಂತ ಸಾಹೇಬ್ರು ಎಂದೋ ಬರೆದು ಕೇಳಿದ್ದರು, ಅದರ ಉತ್ತರ. ಆದರೆ ಲಡಾಯಿ ಕಾಲ. ಎಲ್ಲ ಕಾಗದ ಸರ್ಕಾರದವರು ಒಡೆದು ಓದಿ, ಸಂಶಯ ಬಂದಲ್ಲಿ ಕತ್ತರಿ ಹಾಕಿ ಕಳಿಸುತ್ತಿದ್ದರು. ಅವ್ವನ ಕಾಗದ ಜರಡಿ ಆಗಿತ್ತು.

ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ಓದಿದರು. "ಮೈದಾ ಹಿಟ್ಟು, ತೂತು. ಕುರಿ ಚರ್ಬಿ, ತೂತು. ಸಕ್ಕರಿ ಎಷ್ಟು ಅಂತ ಇರಬೇಕಾದಲ್ಲಿ ನಿನ್ನ ಮಾರಿ ಕಾಣ್ತದ."

"ಯಾಕ ಕತ್ತರಿಸ್ಯಾರ್ರಿ?"

"ಲೆಕ್ಕ ಕಂಡ್ರ ಅವರಿಗೆ ಹೆದರಿಕಿ. ಆರು ಚಮಚ ಅಂದ್ರ ಆರು ಜಹಾಜು ಅಂತ ತಿಳಕೊಂಡಿರಬೇಕು."

"ಕಟ್ಟೋ ಅರಿವಿ ಎಂಥಾದ್ದಿರಬೇಕಂತ?"

"'ಅರಿವಿ ಮಾತ್ರ ನೆನಪಿಡು, ಅದು' ಅಂತ ಬರದಾಳ. ಮುಂದ ದೊಡ್ಡ ತೂತು."

ಸಾಹೇಬ್ರು ಹಾಸಿಗೆಯಿಂದಲೇ ನನ್ನ ಕಡೆ ನೋಡಿದರು. "ನಿಮಗ ತಿಳಿದಂಗ ಮಾಡ್ರಿ" ಅಂದರು. ಅವ್ವನ ಕಾಗದವನ್ನು ದಿಂಬಿನ ಅಡಿ ಇಟ್ಟುಕೊಂಡರು.

ಹಿಟ್ಟು, ಚರ್ಬಿ, ಸಕ್ಕರೆಯ ತೂತುಗಳನ್ನು ನನ್ನ ಕೈ ತುಂಬಿತು. ಎಷ್ಟು ಹೊತ್ತು ಕುದಿಸಬೇಕು ಅನ್ನುವ ತೂತಿಗೆ, ಗದಗಿಗೆ ಹೋದ ಗಾಡಿ ತಿರುಗಿ ಕೊಪ್ಪಳಕ್ಕೆ ಬರುವ ತನಕ ಅಂತ ಹಿಡಿದೆ. ಅರಿವಿಯ ತೂತೇ ಕಠಿಣ. ಅಡಿಗಿಮನಿಯ ಅರಿವಿಯೆಲ್ಲ ಅರಿಷಿಣ. ಲಡಾಯಿ ಕಾಲ, ಹೊಸದು ಅಂಗಡಿಯಲ್ಲಿ ಸರ್ಕಾರದ ಪರ್ಮಿಟ್ ಇಲ್ಲದೆ ಕೊಡರು. ನನ್ನ ಹಳೇ ರುಮಾಲು ಹರಿದು ಹರಿದು ಗಡಿಗೆ ಇಳಿಸುವ ತುಂಡಾಗಿತ್ತು. ಹೊಸ ಅರಿವಿ ಅಂತ ಮನೆಯಲ್ಲಿದ್ದದ್ದು ಮಾವ ಕೊಟ್ಟ ಕೆಂಪು ರುಮಾಲು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ.

ಹೆಂಡತಿ ಅಡ್ಡ ನಿಂತಳು. "ನಮ್ಮಪ್ಪ ತಲಿಗೆ ಕೊಟ್ಟಿದ್ದು, ಪುಡಿಂಗಿಗಲ್ಲ. ಕುದಿಸಿದ್ರ ಕೆಟ್ಟು ಹೋಗತೈತಿ."

"ಅಂದ್ರ ನಿಮ್ಮಪ್ಪ ಬಣ್ಣ ಬಿಡೋ ರುಮಾಲು ಕೊಟ್ಟಾನೇನು?"

ಅವಳು ನನ್ನನ್ನು ಒಂದು ನಮೂನಿ ನೋಡಿದಳು. "ನಮ್ಮಪ್ಪ ಕೊಟ್ಟಿದ್ದು ಸತ್ತರೂ ಬಣ್ಣ ಬಿಡಂಗಿಲ್ಲ" ಅಂದು ತಾನೇ ಹಿಟ್ಟಿನ ಉಂಡೆಗೆ ರುಮಾಲು ಸುತ್ತಿದಳು, ನನ್ನ ತಲೆಗೆ ಸುತ್ತುವ ಹಂಗ, ಬಿಗಿಯಾಗಿ, ಓರೆಯಾಗಿ.

ಎಂಟನೇ ದಿನ ಮಧ್ಯಾಹ್ನ ಬಿಚ್ಚಿದರೆ, ಮಾವನ ಮರ್ಯಾದೆಯೆಲ್ಲ ಪುಡಿಂಗಿನ ಮೇಲಿತ್ತು. ಕೆಂಪಂದರೆ ಕೆಂಪು. ಮೇಲೆ ರುಮಾಲಿನ ಮಡಿಕೆಗಳು ಸುತ್ತುಸುತ್ತಾಗಿ ಮೂಡಿ, ಯಾರೋ ಮದುಮಗ ತಾಟಿನಲ್ಲಿ ಕುತ್ತಿಗೆ ತನಕ ಮುಳುಗಿ ಕೂತ ಹಂಗಿತ್ತು. ಬೇರೆ ಮಾಡಲಿಕ್ಕೆ ದಿನ ಎಲ್ಲಿತ್ತು? ಹಂಗೇ ಒಯ್ದಿಟ್ಟೆ.

ಸಾಹೇಬ್ರು ಎದ್ದು ಕೂತರು. "ಇವರು ಯಾರ್ರಿ?" ಅಂದರು.

ರುಮಾಲಿನ ಕತೆ ಹೇಳಿದೆ, ತಲೆ ತಗ್ಗಿಸಿ. ಅವರು ನಗಲಿಲ್ಲ. ದಿಂಬಿನ ಅಡಿಯ ಕಾಗದ ತೆಗೆದು ದೊಡ್ಡ ತೂತಿನ ಮೇಲೆ ಬೆರಳಿಟ್ಟರು. "ಇಲ್ಲಿ ಏನಿತ್ತು, ಈಗ ನೆನಪಾತ್ರಿ. ಅವ್ವ ನಮ್ಮಪ್ಪನ ಅಂಗಿ ತೋಳಿನಾಗ ಕಟ್ಟಿ ಕುದಸ್ತಿದ್ಲು. ಅಪ್ಪ ಹೋದ ಮ್ಯಾಲೂ ಅದ ತೋಳು."

ಆಮೇಲೆ ಚಮಚ ಹಿಡಿದರು. ಒಂದು ತುಂಡು, ಇನ್ನೊಂದು ತುಂಡು. ಕಣ್ಣೀರು ಒರೆಸಿಕೊಳ್ಳುತ್ತ ಉಂಡರು, ಒರೆಸಿಕೊಳ್ಳುವುದು ಬಿಟ್ಟೂ ಉಂಡರು. ಕಡೆಗೆ ಬೆರಳಿನಿಂದ ತಾಟು ಬಳಿದರು. ಅಂಥಾ ಖಾಲಿ ತಾಟನ್ನು ನಾನು ಅದಕ್ಕೂ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ. ಈಗ ಎಷ್ಟು ಮಂದಿ ನನ್ನ ಅಡಿಗಿ ಉಂಡು ಎದ್ದರೂ ಆ ತಾಟೇ ಕಣ್ಣಿಗೆ ಬರುತ್ತದೆ.

ಆಗಲೇ ಡಾಕ್ಟರು ಬಂದರು, ಗಾಡಿಯ ಕಾಗದ ಬರೆಯಲಿಕ್ಕೆ. ಜೊತೆಗೆ ತಬಿಯತ್ತು ವಿಚಾರಿಸಲಿಕ್ಕೆ ತಹಸೀಲ್ದಾರರು. ಅವರ ಕಣ್ಣು ಸಾಹೇಬ್ರ ಬಾಯಿ ಮೇಲೆ ನಿಂತಿತು. ತುಟಿ, ಹಲ್ಲು, ನಾಲಿಗೆ ಎಲ್ಲ ಕೆಂಪು.

"ಸಾಹೇಬ್ರು ಎಲಿ ಅಡಿಕಿ ಹಾಕ್ಕೊಂಡಾರೇನು?" ಅಂದರು ಖುಷಿಯಿಂದ.

"ಇಲ್ರಿ," ಅಂದರು ಸಾಹೇಬ್ರು. "ಬಾಬರ್ಚಿಯವರ ರುಮಾಲು ತಿಂದೀನ್ರಿ."

ತಹಸೀಲ್ದಾರರು ನನ್ನ ರುಮಾಲಿಲ್ಲದ ತಲೆ ನೋಡಿದರು. ಡಾಕ್ಟರ ತೋಳು ಹಿಡಿದು ಮೂಲೆಗೆ ಎಳೆದು, "ಜ್ವರ ತಲಿಗೇರ್ಯಾವ. ಇವತ್ತಿನ ಗಾಡಿಗೇ ಹತ್ತಸ್ರಿ" ಅಂದರು.

ಡಾಕ್ಟರು ಪೆನ್ನು ತೆಗೆದರು. ಅಷ್ಟರಲ್ಲಿ ಸಾಹೇಬ್ರು ಖಾಲಿ ತಾಟು ನನ್ನ ಕಡೆ ಚಾಚಿ, "ಇನ್ನೊಂದು ಸುತ್ತು ಹಾಕ್ರಿ" ಅಂದರು.

ಡಾಕ್ಟರು ತಾಟು ನೋಡಿದರು, ಸಾಹೇಬ್ರನ್ನು ನೋಡಿದರು, ಸ್ವಲ್ಪ ಬರೆದು ಕಾಗದವನ್ನು ತಹಸೀಲ್ದಾರರ ಕೈಗೆ ಕೊಟ್ಟರು. ನನಗೆ ಓದಲಿಕ್ಕೆ ಬರುವುದಿಲ್ಲ. ಗುಮಾಸ್ತರು ಹಿಂದಿನಿಂದ ಬಗ್ಗಿ ಓದಿ ಹೇಳಿದರು:

"ಗಾಡಿ ಬ್ಯಾಡ. ಅರಿವಿ ಪರ್ಮಿಟ್ ಕೊಡಸ್ರಿ. ಹದಿನೈದು ದಿನ, ಊಟಕ್ಕೊಂದು ರುಮಾಲು."